ಅನುಭವ ಕಾಲಂನಲ್ಲಿ ಒಂದು ಗೆರೆ

ಚಿಕ್ಕಪ್ಪ ತೀರಿಕೊಂಡು ಎಂಟು ತಿಂಗಳಾಗಿತ್ತು. ಚಿಕ್ಕಮ್ಮನಿಗೆ ಆಗ 42 ವರ್ಷ. ಹಾಸನದ ಕಡೆಯ ಒಂದು ಸಣ್ಣ ಊರು. ಹೊಲಿಗೆ ತರಬೇತಿಗೆ ಅರ್ಜಿ ಹಾಕಬೇಕಿತ್ತು. ನಡುಮನೆಯಲ್ಲಿ ಚಾಪೆ ಮೇಲೆ ಕೂತು ಫಾರಂ ತುಂಬಿದ್ದು ನಾನು. ಹೆಸರು, ವಯಸ್ಸು, ವಿದ್ಯಾರ್ಹತೆ: ಎಸ್‌ಎಸ್‌ಎಲ್‌ಸಿ ಪಾಸ್. ಉದ್ಯೋಗ: ಗೃಹಿಣಿ. ಆಮೇಲೆ 'ಅನುಭವ' ಅನ್ನುವ ಕಾಲಂ ಬಂತು.

"ಏನು ಬರೀಲಿ ಚಿಕ್ಕಮ್ಮ?"

"ಬರೆಯೋಕೆ ಏನಿದೆ, ಗೆರೆ ಎಳಿ" ಅಂದರು. ಎಳೆದೆ.

ಇಪ್ಪತ್ತೊಂದು ವರ್ಷ ಆರು ಜನರ ಮನೆ ನಡೆಸಿದವರು ಅವರು. ಅತ್ತೆಯ ಸಕ್ಕರೆ ಕಾಯಿಲೆಗೆ ದಿನಾ ಇಂಜೆಕ್ಷನ್ ಚುಚ್ಚುತ್ತಿದ್ದರು. ಎರಡು ಹಸು ನೋಡಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದರು. ಬೀದಿಯ ಹೆಂಗಸರ ಚೀಟಿ ದುಡ್ಡು ಒಂದು ರೂಪಾಯಿ ಆಚೀಚೆ ಆಗದ ಹಾಗೆ ಇಟ್ಟುಕೊಳ್ಳುತ್ತಿದ್ದರು. ಐವತ್ತು ಜನಕ್ಕೆ ಹಬ್ಬದೂಟ ಅಂದರೆ ಬೇಳೆ ಎಷ್ಟು, ಬೆಲ್ಲ ಎಷ್ಟು ಅಂತ ನಿಂತಲ್ಲೇ ಹೇಳುತ್ತಿದ್ದರು. ಇಷ್ಟಕ್ಕೂ ಸೇರಿ ಒಂದು ಗೆರೆ. ಅದನ್ನು ಎಳೆದವರಲ್ಲಿ ನಾನೂ ಒಬ್ಬ ಅನ್ನೋದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಮನೆಗೆಲಸದಲ್ಲೇ ವರ್ಷಗಟ್ಟಲೆ ಕಳೆದ ಹೆಂಗಸು ಒಂದು ದಿನ ದುಡಿಯಲೇಬೇಕಾಗಿ ಹೊರಗೆ ಬಂದಾಗ ಅವಳಿಗೆ ಕೈಕೊಡುವ ಕೆಲಸ ನಮ್ಮ ದೇಶದಲ್ಲಿ ಹೊಸದಲ್ಲ. ನೂರಮೂವತ್ತು ವರ್ಷಕ್ಕಿಂತ ಜಾಸ್ತಿ ಹಳೆಯದು. ಶಾಲೆ, ಆಶ್ರಮ, ಹೊಲಿಗೆ ಯಂತ್ರ, ಸಾಲ, ಸಂಘ ಎಲ್ಲ ಬಂದವು. ಆದರೆ ಅವಳನ್ನು ಯಾವ ಹೆಸರಿನಿಂದ ಕರೆದರು ಅನ್ನೋದನ್ನು ನೋಡುತ್ತಾ ಹೋದರೆ ಈ ಇತಿಹಾಸ ಬೇರೆ ಥರ ಕಾಣುತ್ತದೆ.

ಗಂಗಾಮೂಲದಿಂದ ಶುರು

ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಅಪ್ಪ ಅನಂತಶಾಸ್ತ್ರಿ ಡೋಂಗ್ರೆ. ಹೆಂಡತಿಗೆ ಸಂಸ್ಕೃತ ಕಲಿಸಲು ಹೊರಟು ಸುತ್ತಲಿನವರ ವಿರೋಧ ಕಟ್ಟಿಕೊಂಡು, ಊರು ಬಿಟ್ಟು ಕಾಡು ಸೇರಿದ್ದವರು. ಆ ಮಗುವೇ ಮುಂದೆ ಪಂಡಿತಾ ರಮಾಬಾಯಿ. ಬರಗಾಲದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡು, ಅಣ್ಣನ ಜೊತೆ ಊರೂರು ಅಲೆದು, 1878ರಲ್ಲಿ ಕಲ್ಕತ್ತಾ ತಲುಪಿ ಅಲ್ಲಿನ ಪಂಡಿತರಿಂದಲೇ 'ಪಂಡಿತಾ' ಅನ್ನಿಸಿಕೊಂಡರು. 1882ರಲ್ಲಿ ಗಂಡ ತೀರಿಕೊಂಡಾಗ ಕಂಕುಳಲ್ಲಿ ಒಂದು ಸಣ್ಣ ಮಗು.

ಒಬ್ಬ ವಿಧವೆಗೆ ಏನು ಬೇಕು ಅನ್ನೋದು ಅವರಿಗೆ ಪುಸ್ತಕದಿಂದ ತಿಳಿಯಬೇಕಿರಲಿಲ್ಲ. ಇಂಗ್ಲೆಂಡಿಗೆ ಹೋದರು, ಅಮೆರಿಕಕ್ಕೆ ಹೋದರು, ನಮ್ಮ ವಿಧವೆಯರ ಬದುಕನ್ನು ಅಲ್ಲಿ ಹೇಳಿ ಹಣ ಕೂಡಿಸಿದರು. 1889ರ ಮಾರ್ಚಿನಲ್ಲಿ ಮುಂಬೈಯಲ್ಲಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಹೋಯಿತು. ಕ್ರೈಸ್ತ ಮತಕ್ಕೆ ಮತಾಂತರದ ವಿಷಯ ಎದ್ದು, ಎಷ್ಟೋ ಮನೆಯವರು ತಮ್ಮ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಆ ಜಗಳ ಆಗ ತುಂಬ ದೊಡ್ಡದಾಗಿತ್ತು. ನನ್ನ ಮನಸ್ಸು ನಿಲ್ಲುವುದು ಮಾತ್ರ ಇನ್ನೊಂದು ಕಡೆ. ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಅವರು ಕಟ್ಟಿದ ಮುಕ್ತಿ ಸದನದಲ್ಲಿ ಹೆಂಗಸರು ಮಗ್ಗದಲ್ಲಿ ನೇಯುತ್ತಿದ್ದರು, ಹೊಲ ಮಾಡುತ್ತಿದ್ದರು, ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದರು. ಮೊಳೆ ಜೋಡಿಸುವ ಹೆಂಗಸು ಅಂದರೆ ಆ ಕಾಲಕ್ಕೆ ಏನು ಅಂತ ಸ್ವಲ್ಪ ಯೋಚಿಸಿ ನೋಡಿ. ತಲೆ ಬೋಳಿಸಿ ಮೂಲೆಗೆ ಕೂರಿಸುತ್ತಿದ್ದ ಹೆಂಗಸಿನ ಕೈಗೆ ಅಕ್ಷರ ಬಂತು, ಅದೇ ಅಕ್ಷರದಿಂದ ಅನ್ನವೂ ಬಂತು.

ಶಾರದಾ ಸದನದಲ್ಲಿ ಓದಿದ ಮೊದಲ ವಿಧವೆಯರಲ್ಲಿ ಗೋದೂಬಾಯಿ ಒಬ್ಬರು. 1893ರಲ್ಲಿ ಅವರನ್ನು ಮದುವೆಯಾದವರು ಧೋಂಡೋ ಕೇಶವ ಕರ್ವೆ. ಕರ್ವೆ 1896ರಲ್ಲಿ ಪುಣೆಯಲ್ಲಿ ವಿಧವೆಯರಿಗಾಗಿ ಆಶ್ರಮ ಶುರು ಮಾಡಿದರು. ನಾಲ್ಕು ವರ್ಷದ ಮೇಲೆ ಅದನ್ನು ಊರಾಚೆಯ ಹಿಂಗಣೆಗೆ, ಒಂದು ಗುಡಿಸಲಿಗೆ ಸಾಗಿಸಿದರು. ಅಲ್ಲಿಂದ ಶಾಲಾ ಶಿಕ್ಷಕಿಯರು ತಯಾರಾಗಿ ಹೊರಬಂದರು.

ನಮ್ಮ ಮೈಸೂರು ಸೀಮೆಯಲ್ಲೂ ಇದೇ ಕಾಲಕ್ಕೆ ಗಾಳಿ ಬೀಸಿತು. ನಂಜನಗೂಡು ತಿರುಮಲಾಂಬ ಹದಿನಾಲ್ಕನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡವರು. ಮನೆಯಲ್ಲೇ ಓದಿ, ಬರೆದು, 1910ರ ದಶಕದಲ್ಲಿ ತಮ್ಮದೇ ಗ್ರಂಥಮಾಲೆ ನಡೆಸಿದರು, ಪತ್ರಿಕೆ ಹೊರತಂದರು. ಕನ್ನಡದ ಮೊದಲ ಪತ್ರಕರ್ತೆ ಅಂತ ಈಗ ಅವರನ್ನು ನೆನೆಯುತ್ತೇವೆ. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮ, ಅವರೂ ಬಾಲವಿಧವೆ, 1913ರಲ್ಲಿ ಶಾರದಾ ಸ್ತ್ರೀ ಸಮಾಜ ಕಟ್ಟಿದರು. 1921ರಿಂದ 'ಸರಸ್ವತಿ' ಮಾಸಪತ್ರಿಕೆಯನ್ನು ನಾಲ್ಕು ದಶಕ ನಡೆಸಿದರು. ಬೇರೆಯವರು ಬಂದು ಉದ್ಧಾರ ಮಾಡಲಿ ಅಂತ ಇವರಿಬ್ಬರೂ ಕಾಯಲಿಲ್ಲ ಅನ್ನೋದು ನನಗೆ ತುಂಬ ಇಷ್ಟ.

ಇವರೆಲ್ಲರ ದಾರಿಯಲ್ಲಿ ಒಂದು ಸಂಗತಿ ಸಮಾನ. ಬಾಗಿಲು ತೆರೆದದ್ದು 'ವಿಧವೆ' ಅನ್ನುವ ಹೆಸರಿಗೆ. ಆ ಕಾಲದಲ್ಲಿ ಅದು ಸರಿಯೇ. ಎಲ್ಲರಿಗಿಂತ ಜಾಸ್ತಿ ನೋವು ತಿಂದವರು ಅವರೇ ಆಗಿದ್ದರು. ಆದರೆ ಆ ಹೆಸರು ಆಮೇಲೂ ಅಂಟಿಕೊಂಡೇ ಉಳಿಯಿತು.

ಎರಡು ವರ್ಷದಲ್ಲಿ ಶಾಲೆ

ಸ್ವಾತಂತ್ರ್ಯ ಬಂದ ಮೇಲೆ ಈ ಕೆಲಸವನ್ನು ಸರ್ಕಾರದ ಮಟ್ಟಕ್ಕೆ ತಂದವರು ದುರ್ಗಾಬಾಯಿ ದೇಶಮುಖ್. ಎಂಟು ವರ್ಷಕ್ಕೇ ಮದುವೆ ಮಾಡಿದ್ದರು, ಬೆಳೆದ ಮೇಲೆ ಆ ಮದುವೆಯಿಂದ ಹೊರಬಂದರು. ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದು, ತಡವಾಗಿ ಮೆಟ್ರಿಕ್ ಪಾಸು ಮಾಡಿ, ಆಮೇಲೆ ವಕೀಲೆಯಾದರು. ಸಂವಿಧಾನ ಸಭೆಯ ಸದಸ್ಯೆಯೂ ಆದರು. ತಡವಾಗಿ ಓದೋದು ಎಷ್ಟು ಕಷ್ಟ ಅನ್ನೋದು ಅವರಿಗೆ ಗೊತ್ತಿತ್ತು. ಮದ್ರಾಸಿನ ಆಂಧ್ರ ಮಹಿಳಾ ಸಭಾದಲ್ಲಿ ದೊಡ್ಡ ವಯಸ್ಸಿನ ಹೆಂಗಸರನ್ನು ಕೂರಿಸಿ ಬನಾರಸ್ ವಿಶ್ವವಿದ್ಯಾಲಯದ ಮೆಟ್ರಿಕ್ ಪರೀಕ್ಷೆಗೆ ತಯಾರು ಮಾಡಿದರು.

1953ರಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಹುಟ್ಟಿತು, ಅವರೇ ಮೊದಲ ಅಧ್ಯಕ್ಷೆ. 1958ರಲ್ಲಿ ಮಂಡಳಿ 'ಕಂಡೆನ್ಸ್ಡ್ ಕೋರ್ಸ್' ಶುರು ಮಾಡಿತು. ಶಾಲೆ ಬಿಟ್ಟ ಹೆಂಗಸರು ಸುಮಾರು ಎರಡು ವರ್ಷದಲ್ಲಿ ಶಾಲೆಯ ಪಾಠ ಮುಗಿಸಿ ಪರೀಕ್ಷೆ ಬರೆಯಬಹುದಿತ್ತು. ಆಗ ಹಳ್ಳಿಗಳಿಗೆ ಗ್ರಾಮಸೇವಿಕೆಯರು, ನರ್ಸ್‌ಗಳು, ಸೂಲಗಿತ್ತಿಯರು, ಶಿಕ್ಷಕಿಯರು ಬೇಕಾಗಿದ್ದರು. ಓದಿದ ಹೆಂಗಸರು ಸಿಗುತ್ತಿರಲಿಲ್ಲ. ಒಂದು ಕಡೆ ಖಾಲಿ ಕೆಲಸ, ಇನ್ನೊಂದು ಕಡೆ ಕೆಲಸ ಬೇಕಾದ ಹೆಂಗಸರು. ನಡುವೆ ಎರಡು ವರ್ಷದ ಸೇತುವೆ. ಈ ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಬುದ್ಧಿವಂತಿಕೆಯ ಕೆಲಸ ಅನ್ನಿಸುವುದು ಇದು. ಮೊದಲು ಕೆಲಸ ಎಲ್ಲಿದೆ ಅಂತ ನೋಡಿ, ಆಮೇಲೆ ತರಬೇತಿ ಕೊಟ್ಟರು.

ಹೊಲಿಗೆ ಯಂತ್ರದ ಕಾಲದಲ್ಲಿ ಅದು ತಿರುಗುಮುರುಗಾಯಿತು. ಮೊದಲು ತರಬೇತಿ, ಕೆಲಸದ ಮಾತು ಆಮೇಲೆ.

ಕವರ್ ಹಾಕಿದ ಮೆಷಿನ್ನು

ನಮ್ಮ ಕಡೆ ಹೆಂಗಸರಿಗೆ ಸಹಾಯ ಅಂದ ತಕ್ಷಣ ಜನರ ಕಣ್ಣ ಮುಂದೆ ಬರುವುದು ಹೊಲಿಗೆ ಮೆಷಿನ್ನೇ, ಅಲ್ವಾ? ಮಹಿಳಾ ಮಂಡಳದಲ್ಲಿ ಅದೇ, ಸಂಘ ಸಂಸ್ಥೆಗಳ ಸಮಾರಂಭದಲ್ಲಿ ಅದೇ. ಅದರಲ್ಲಿ ತಪ್ಪೇನಿಲ್ಲ. ಎಷ್ಟೋ ಮನೆಗಳ ಮಕ್ಕಳ ಫೀಸು ಆ ಪೆಡಲ್ಲಿನಿಂದಲೇ ಬಂದಿದೆ.

ಚಿಕ್ಕಮ್ಮನೂ ಆರು ತಿಂಗಳು ಕಲಿತರು. ಲಂಗ, ಮಕ್ಕಳ ಫ್ರಾಕು, ಕೊನೆಗೆ ಬ್ಲೌಸು. ಸರ್ಟಿಫಿಕೇಟ್ ಸಿಕ್ಕಿತು, ಮೆಷಿನ್ನೂ ಸಿಕ್ಕಿತು. ಆಮೇಲೆ ನೋಡಿದರೆ ಅದೇ ಬೀದಿಯಲ್ಲಿ ಅದೇ ತರಬೇತಿ ಮುಗಿಸಿದ ಹೆಂಗಸರು ಇನ್ನೂ ನಾಲ್ವರು. ಬಸ್‌ಸ್ಟ್ಯಾಂಡಿನ ಹತ್ತಿರ ಇಬ್ಬರು ಹಳೇ ಟೈಲರ್‌ಗಳು. ಬ್ಲೌಸು ಒಂದು ಸಲ ಕಂಕುಳಲ್ಲಿ ಬಿಗಿಯಾದರೆ ಸಾಕು, ಆ ಗಿರಾಕಿ ಮತ್ತೆ ಬರುವುದಿಲ್ಲ. ಸೀರೆಗೆ ಫಾಲ್ಸ್ ಹಾಕುವ ಕೆಲಸ ಮಾತ್ರ ಉಳಿಯಿತು, ಅದೂ ಹಬ್ಬದ ಮುಂದೆ. ಒಂದು ವರ್ಷದ ಹೊತ್ತಿಗೆ ಮೆಷಿನ್ನಿಗೆ ಹಳೇ ಸೀರೆಯ ಕವರ್ ಬಿತ್ತು, ಅದರ ಮೇಲೆ ಪೇಪರಿನ ಕಟ್ಟು ಬಂದು ಕೂತಿತು. "ನನ್ನ ಕೈಲಿ ಏನೂ ಆಗಲ್ಲ ಕಣೋ" ಅಂತ ಅವರು ಹೇಳಿದ್ದು ಆಗಲೇ. ಸೋತದ್ದು ಅವರಲ್ಲ. ಊರಿಗೆ ಎಷ್ಟು ಟೈಲರ್ ಬೇಕು ಅಂತ ಯಾರೂ ಎಣಿಸಿರಲಿಲ್ಲ, ಅಷ್ಟೇ.

ಅಮೆರಿಕದಲ್ಲಿ ಸಿಕ್ಕ ಹೆಸರು

ಅಮೆರಿಕದಲ್ಲಿ ಟಿಷ್ ಸಾಮರ್ಸ್ ಅನ್ನುವ ಹೆಂಗಸು ಐವತ್ತು ದಾಟಿದ ಮೇಲೆ ವಿಚ್ಛೇದನವಾಗಿ ಒಂಟಿಯಾದರು. ಇಷ್ಟು ವರ್ಷ ಮನೆ ನಡೆಸಿದವಳಿಗೆ ಇನ್ನೊಬ್ಬರ ಸಂಬಳವೇ ಆಧಾರ, ಅದು ಹೋದರೆ ಪಿಂಚಣಿಯೂ ಇಲ್ಲ, ಕೆಲಸವೂ ಸಿಗುವುದಿಲ್ಲ ಅನ್ನೋದನ್ನು ಕಂಡರು. 1970ರ ದಶಕದ ನಡುವೆ ಅವರು ಈ ಸ್ಥಿತಿಗೆ 'ಡಿಸ್‌ಪ್ಲೇಸ್ಡ್ ಹೋಮ್‌ಮೇಕರ್' ಅನ್ನುವ ಹೆಸರು ಕೊಟ್ಟರು. ನೆಲೆ ತಪ್ಪಿದ ಗೃಹಿಣಿ ಅನ್ನಬಹುದು. ಅಣೆಕಟ್ಟಿನ ನೀರಲ್ಲಿ ಊರು ಮುಳುಗಿದವರನ್ನು ನಾವು ನಿರಾಶ್ರಿತರು ಅನ್ನುತ್ತೇವಲ್ಲ, ಹಾಗೆ. ವಿಧವೆಯಾಗಿದ್ದ ಲಾರಿ ಶೀಲ್ಡ್ಸ್ ಅವರ ಜೊತೆಯಾದರು. 1975ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಬಂತು. ಮರುವರ್ಷ ಓಕ್‌ಲೆಂಡಿನಲ್ಲಿ ಮೊದಲ ಕೇಂದ್ರ ತೆರೆಯಿತು. 1978ರಲ್ಲಿ ಇಡೀ ದೇಶದ ಉದ್ಯೋಗ ತರಬೇತಿ ಕಾನೂನಿನಲ್ಲಿ ಈ ಹೆಂಗಸರಿಗೂ ಜಾಗ ಸಿಕ್ಕಿತು.

ಆ ಹೆಸರಿಗೆ ಗಂಡ ಸತ್ತನೋ ಬಿಟ್ಟನೋ ಅನ್ನೋದು ಮುಖ್ಯವಲ್ಲ. ಇವಳು ಇಷ್ಟು ವರ್ಷ ಮನೆಯಲ್ಲಿ ಕೂಲಿ ಇಲ್ಲದೆ ದುಡಿದಳು, ಈಗ ಆ ಕೆಲಸದ ನೆಲೆ ತಪ್ಪಿದೆ ಅನ್ನೋದೇ ಮುಖ್ಯ. ಆ ಕೇಂದ್ರಗಳಲ್ಲಿ ಹೆಂಗಸರನ್ನು ಕೂರಿಸಿ ಮನೆಯಲ್ಲಿ ಏನೇನು ಮಾಡುತ್ತಿದ್ದಿರಿ, ಅದರಲ್ಲಿ ಯಾವುದು ಹೊರಗಿನ ಕೆಲಸಕ್ಕೆ ಬರುತ್ತದೆ ಅಂತ ಕೇಳುತ್ತಿದ್ದರು.

ಕನ್ನಡದಲ್ಲಿ ಅಂಥ ಹೆಂಗಸಿಗೆ ಇರುವ ಹೆಸರುಗಳನ್ನು ನೋಡಿ. ವಿಧವೆ. ಗಂಡ ಬಿಟ್ಟವಳು. ಎಲ್ಲದರಲ್ಲೂ ಇಲ್ಲದ ಗಂಡಸೇ ಇದ್ದಾನೆ. ಅವಳು ಮಾಡಿದ ಕೆಲಸ ಎಲ್ಲೂ ಇಲ್ಲ.

ಸತ್ತ ಮೇಲೆ ಬಂದ ಲೆಕ್ಕ

ನಮ್ಮ ದೇಶದಲ್ಲಿ ಗೃಹಿಣಿಯ ಕೆಲಸಕ್ಕೆ ಬೆಲೆ ಕಟ್ಟಿದ್ದು ನ್ಯಾಯಾಲಯಗಳು, ಅದೂ ಅವಳು ಸತ್ತ ಮೇಲೆ. 1989ರಲ್ಲಿ ಜಮ್ಶೆಡ್‌ಪುರದಲ್ಲಿ ಒಂದು ಸಮಾರಂಭದ ನಡುವೆ ಬೆಂಕಿ ಬಿದ್ದು ಎಷ್ಟೋ ಹೆಂಗಸರು, ಮಕ್ಕಳು ತೀರಿಕೊಂಡರು. ಆ ಪ್ರಕರಣದಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್ ಗೃಹಿಣಿಯ ಸೇವೆಗೆ ತಿಂಗಳಿಗೆ 3,000 ರೂಪಾಯಿ ಅಂತ ಲೆಕ್ಕ ಹಿಡಿಯಿತು. 2010ರಲ್ಲಿ ಇನ್ನೊಂದು ಅಪಘಾತದ ಪ್ರಕರಣದಲ್ಲಿ, 2001ರ ಜನಗಣತಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಜೊತೆ ದುಡಿಯದವರ ಪಟ್ಟಿಗೆ ಸೇರಿಸಿದ್ದನ್ನು ಅದೇ ನ್ಯಾಯಾಲಯ ಕಟುವಾಗಿ ಟೀಕಿಸಿತು. 2021ರ ಜನವರಿಯ ತೀರ್ಪಿನಲ್ಲಿ 2019ರ ಸಮಯ ಬಳಕೆ ಸಮೀಕ್ಷೆಯ ಅಂಕಿಗಳೇ ಬಂದವು. ಕೂಲಿ ಇಲ್ಲದ ಮನೆಗೆಲಸದಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕಳೆಯುತ್ತಾರೆ, ಗಂಡಸರು 97 ನಿಮಿಷ.

ಅಂದರೆ ದಿನಕ್ಕೆ ಹತ್ತಿರ ಹತ್ತಿರ ಐದು ಗಂಟೆ. ವಿಮೆ ಪರಿಹಾರ ಕೊಡುವಾಗ ಆ ಐದು ಗಂಟೆಗೆ ಬೆಲೆ ಇದೆ. ಬದುಕಿರುವಾಗ ಅರ್ಜಿ ಫಾರಂನಲ್ಲಿ ಮಾತ್ರ ಇಲ್ಲ.

"ಮಾಡಿದವರಿಗೆ ಎಷ್ಟು ಕೊಟ್ರಿ?"

1982ರಲ್ಲಿ ಉಜಿರೆಯಲ್ಲಿ, ಸ್ವಂತ ಉದ್ಯೋಗಕ್ಕೆ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆ ಶುರುವಾಯಿತು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆ. ಕೆಲಸವಿಲ್ಲದ ಹಳ್ಳಿ ಯುವಕರನ್ನು ಮನಸ್ಸಿನಲ್ಲಿಟ್ಟು ಕಟ್ಟಿದ್ದು, ಆಮೇಲೆ ಹೆಂಗಸರಿಗೂ ದೊಡ್ಡ ಆಸರೆಯಾಯಿತು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಕಲಿಸಿ ಕಳಿಸಿಬಿಡುವುದಿಲ್ಲ, ಬ್ಯಾಂಕ್ ಸಾಲಕ್ಕೂ ದಾರಿ ಮಾಡಿ, ಆಮೇಲೂ ವಿಚಾರಿಸುತ್ತಾರೆ. ಮುಂದೆ ಕೇಂದ್ರ ಸರ್ಕಾರ ಇದೇ ಮಾದರಿಯನ್ನು ತೆಗೆದುಕೊಂಡು ಜಿಲ್ಲೆಗೊಂದು ಕೇಂದ್ರ ಮಾಡಲು ಹೊರಟಿತು. ಬ್ಯಾಂಕುಗಳು ನಡೆಸುವ ಅಂಥದ್ದೇ ಒಂದು ಕೇಂದ್ರಕ್ಕೆ ಚಿಕ್ಕಮ್ಮ ಹೋದರು, ಮೆಷಿನ್ನಿಗೆ ಕವರ್ ಬಿದ್ದು ಎರಡು ವರ್ಷವಾದ ಮೇಲೆ. ಅಷ್ಟರಲ್ಲಿ ಅವರು ಊರಿನ ಮದುವೆ, ನಾಮಕರಣಗಳಿಗೆ ಒಬ್ಬಟ್ಟು ಮಾಡಿಕೊಡಲು ಶುರು ಮಾಡಿದ್ದರು.

ಅಲ್ಲಿ ಮೊದಲ ವಾರದಲ್ಲೇ ಒಬ್ಬೊಬ್ಬರೂ ತಮ್ಮ ಪದಾರ್ಥದ ಖರ್ಚು ಬರೆದು ತರಬೇಕಿತ್ತು. ಚಿಕ್ಕಮ್ಮ ಬರೆದರು. ತೊಗರಿಬೇಳೆ ಒಂದು ಕೆಜಿ. ಬೆಲ್ಲ ಒಂದು ಕೆಜಿ. ಮೈದಾ, ಎಣ್ಣೆ, ಏಲಕ್ಕಿ, ಅರಿಶಿನ. ಗ್ಯಾಸಿಗೆ ಇಷ್ಟು. ಒಂದು ಕೆಜಿ ಬೇಳೆಗೆ 40 ಒಬ್ಬಟ್ಟು. ಪಾಠ ಹೇಳುವ ಮೇಡಂ ಪಟ್ಟಿ ನೋಡಿ ಕೇಳಿದರಂತೆ.

"ಮಾಡಿದವರು ಯಾರು?"

"ನಾನೇ."

"ಅವರಿಗೆ ಎಷ್ಟು ಕೊಟ್ರಿ?"

ಚಿಕ್ಕಮ್ಮನಿಗೆ ಅರ್ಥವಾಗಲಿಲ್ಲ. ಬೇಳೆ ಬೇಯಿಸಿ, ಕಟ್ಟು ಬಸಿದು, ಹೂರಣ ರುಬ್ಬಿ, ಕಣಕ ನಾದಿ, ಒಂದೊಂದಾಗಿ ತಟ್ಟಿ ಬೇಯಿಸಲು ಎಷ್ಟು ಹೊತ್ತು ಅಂತ ಮೇಡಂ ಕೇಳುತ್ತಾ ಹೋದರು. ನಾಲ್ಕು ಗಂಟೆ. ಆ ನಾಲ್ಕು ಗಂಟೆಗೆ ಪಟ್ಟಿಯಲ್ಲಿ ಒಂದು ಸಾಲೂ ಇರಲಿಲ್ಲ. ಕೂಲಿ ಸೇರಿಸಿ ಲೆಕ್ಕ ಹಾಕಿದಾಗ, ಎರಡು ವರ್ಷದಿಂದ ತಾನು ಊರಿಗೆಲ್ಲ ನಷ್ಟಕ್ಕೇ ಒಬ್ಬಟ್ಟು ಹಂಚುತ್ತಿದ್ದೆ ಅನ್ನೋದು ಗೊತ್ತಾಯಿತು. ಪಕ್ಕದಲ್ಲಿ ಚಕ್ಕುಲಿ ಮಾಡುವವರು, ರೊಟ್ಟಿ ಮಾಡುವವರು, ಎಲ್ಲರ ಪಟ್ಟಿಯೂ ಹಾಗೇ ಇತ್ತಂತೆ. ಆ ದಿನ ಯಾರೂ ಜಾಸ್ತಿ ಮಾತಾಡಲಿಲ್ಲ ಅಂದರು ಚಿಕ್ಕಮ್ಮ.

ಫಾರಂನಲ್ಲಿ ನಾನು ಎಳೆದ ಗೆರೆ ಅವರ ನೋಟ್‌ಬುಕ್ಕಿನಲ್ಲೂ ಇತ್ತು, ಅವರೇ ಎಳೆದುಕೊಂಡದ್ದು. ಅದಕ್ಕೇ ನನಗನ್ನಿಸುತ್ತದೆ, ಕೈಕೆಲಸ ಕಲಿಸುವ ಮೊದಲು ಈ ಒಂದು ಲೆಕ್ಕ ಕಲಿಸಬೇಕು. ನಮ್ಮ ಹೆಂಗಸರಿಗೆ ಕೆಲಸ ಬರುತ್ತದೆ. ಅದು ಕೆಲಸ ಅಂತ ಅವರಿಗೆ ಯಾರೂ ಹೇಳಿಲ್ಲ.

ಲಿಜ್ಜತ್ ಹಪ್ಪಳದ ಕಥೆ ಇಲ್ಲಿ ನೆನಪಾಗುತ್ತದೆ. 1959ರ ಮಾರ್ಚಿನಲ್ಲಿ ಮುಂಬೈಯ ಗಿರಗಾಂವ್‌ನಲ್ಲಿ ಏಳು ಗೃಹಿಣಿಯರು 80 ರೂಪಾಯಿ ಸಾಲ ಮಾಡಿ ಶುರು ಮಾಡಿದ್ದು. ಬೆಳಿಗ್ಗೆ ಹಿಟ್ಟು ಮನೆಗೆ ಒಯ್ಯುವುದು, ಲಟ್ಟಿಸಿ ಒಣಗಿಸಿ ಮರುದಿನ ತಂದುಕೊಡುವುದು, ಕೂಲಿ ಕೈಗೆ ತೆಗೆದುಕೊಳ್ಳುವುದು. ಹಪ್ಪಳ ಲಟ್ಟಿಸೋದನ್ನು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ. ಅವರು ಹೊಸದಾಗಿ ಸೇರಿಸಿದ್ದು ತೂಕ, ರುಚಿಯಲ್ಲಿ ಒಂದೇ ಹದ, ಮಾರುವ ದಾರಿ, ಮತ್ತೆ ಲೆಕ್ಕ. ಅಲ್ಲಿ ಲಟ್ಟಿಸುವವರೇ ಒಡೆಯರೂ ಹೌದು.

ಯಾರ ಹೆಸರಲ್ಲಿ ದುಡ್ಡು

ದುಡಿಮೆ ಬಂದ ಮೇಲೆ ದುಡ್ಡು ಎಲ್ಲಿ ಹೋಗುತ್ತದೆ ಅನ್ನುವ ಪ್ರಶ್ನೆ ಬರುತ್ತದೆ. ಕರ್ನಾಟಕದಲ್ಲಿ 1987ರಲ್ಲಿ ಮಹಿಳಾ ಅಭಿವೃದ್ಧಿ ನಿಗಮ ಬಂತು, 1997-98ರಲ್ಲಿ ಉದ್ಯೋಗಿನಿ ಸಾಲ ಯೋಜನೆ, 2000ದಲ್ಲಿ ಸ್ತ್ರೀಶಕ್ತಿ ಸಂಘಗಳು. ಸಂಘದ ದೊಡ್ಡ ಉಪಕಾರ ಸಾಲವಲ್ಲ, ಪಾಸ್‌ಬುಕ್ಕು ಅಂತ ನಾನು ನಂಬಿದ್ದೇನೆ. ವಾರಕ್ಕೊಮ್ಮೆ ಕೂತು, ಉಳಿತಾಯ ಕಟ್ಟಿ, ತನ್ನ ಹೆಸರಿನ ಮುಂದೆ ಸಹಿ ಹಾಕುವುದು. ಸಾಲ ಮಾತ್ರ ಕೆಲವು ಮನೆಗಳಲ್ಲಿ ಅವಳ ಹೆಸರಿನಲ್ಲಿ ಬಂದು ಗಂಡನ ಬೈಕಿಗೆ ಹೋಯಿತು, ಕಂತು ಕಟ್ಟುವ ಭಾರ ಅವಳಿಗೇ ಉಳಿಯಿತು. ಇದನ್ನು ಮುಚ್ಚಿಡಬಾರದು.

ತನ್ನ ದುಡ್ಡು ತನ್ನದೇ ಅನ್ನುವ ಮಾತನ್ನು ಬೀದಿಗೆ ತಂದು ಗೆದ್ದವರು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಅವರಲ್ಲಿ ಎಷ್ಟೋ ಜನ ಮದುವೆ, ಮಕ್ಕಳಾದ ಮೇಲೆ ಮೊದಲ ಸಲ ಕೆಲಸಕ್ಕೆ ಬಂದವರು. ಭವಿಷ್ಯ ನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷವಾಗುವ ತನಕ ತೆಗೆಯುವಂತಿಲ್ಲ ಅನ್ನುವ ನಿಯಮ ಬಂದಾಗ, 2016ರ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಜನ ರಸ್ತೆಗೆ ಇಳಿದರು. ಎರಡನೇ ದಿನವೇ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಮಗಳ ಫೀಸಿಗೋ ಮನೆಯ ಭೋಗ್ಯಕ್ಕೋ ಅಂತ ಕಾದಿದ್ದ ದುಡ್ಡು ಅದು.

2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲ. ಅದೇ ಆಗಸ್ಟಿನಿಂದ ಗೃಹಲಕ್ಷ್ಮಿಯ 2,000 ರೂಪಾಯಿ. ಇದರ ಬಗ್ಗೆ ವಾದ ನೂರಿದೆ. ನಾನು ಕಂಡದ್ದನ್ನು ಹೇಳುತ್ತೇನೆ. ಚಿಕ್ಕಮ್ಮ ಈಗ ಹಾಸನದ ಮಾರ್ಕೆಟ್ಟಿಗೆ ತಾವೇ ಹೋಗಿ ಬೆಲ್ಲ ತರುತ್ತಾರೆ, ಬಸ್ ಚಾರ್ಜು ಲೆಕ್ಕದಿಂದ ಹೋಯಿತು. ಗೃಹಲಕ್ಷ್ಮಿಯ ಕಾಗದದಲ್ಲಿ ಅವರನ್ನು ವಿಧವೆ ಅಂತಲ್ಲ, 'ಮನೆ ಯಜಮಾನಿ' ಅಂತ ಬರೆದಿದ್ದಾರೆ. ಅದನ್ನು ಅವರು ನನಗೆ ಎರಡು ಸಲ ತೋರಿಸಿದರು.

ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನೋದು ಮಾತ್ರ ಇನ್ನೂ ಬಗೆಹರಿದಿಲ್ಲ. 2023-24ರ ರಾಜ್ಯ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ 'ಕೂಸಿನ ಮನೆ' ಅಂತ ಘೋಷಿಸಿದರು, ನರೇಗಾ ಕೆಲಸಕ್ಕೆ ಹೋಗುವವರ ಸಣ್ಣ ಮಕ್ಕಳಿಗಾಗಿ. ಒಳ್ಳೆಯ ಹೆಜ್ಜೆ. ಊರಿನ ಉಳಿದ ತಾಯಂದಿರಿಗೂ ಅದು ಬೇಕು.

ಹತ್ತು ವರ್ಷದ ಸಡಿಲಿಕೆ

ಓದಿದವರ ಕಥೆ ಬೇರೆ ಥರ. ಮಗುವಿಗಾಗಿ ಕೆಲಸ ಬಿಟ್ಟ ಮಹಿಳಾ ವಿಜ್ಞಾನಿಗಳಿಗೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2002-03ರಿಂದ ಮರಳಿ ಬರುವ ದಾರಿ ಮಾಡಿತು. 2008ರ ಸುಮಾರಿಗೆ ದೊಡ್ಡ ಕಂಪನಿಗಳೂ ಇಂಥ ಯೋಜನೆ ಶುರು ಮಾಡಿದವು. ಬೆಂಗಳೂರಿನ ಐಟಿಯವರಿಗೆ ಇದು ಗೊತ್ತಿರುವ ವಿಷಯ. ಆದರೆ ಎಸ್‌ಎಸ್‌ಎಲ್‌ಸಿ, ಪಿಯುಸಿ ಓದಿದವರಿಗೆ ಇದು ಮುಟ್ಟುವುದಿಲ್ಲ.

ನಮ್ಮ ರಾಜ್ಯದ ಸರ್ಕಾರಿ ನೇಮಕಾತಿ ಅಧಿಸೂಚನೆ ತೆಗೆದು ನೋಡಿ. ವಯಸ್ಸಿನ ಮಿತಿಯಲ್ಲಿ ವಿಧವೆಯರಿಗೆ 10 ವರ್ಷ ಸಡಿಲಿಕೆ ಇದೆ. ಇರಲೇಬೇಕು. ರಮಾಬಾಯಿ, ಕಲ್ಯಾಣಮ್ಮನವರ ಕಾಲದ ಹೋರಾಟದ ಫಲದ ಒಂದು ಪಾಲು ಅದು. ಹದಿನೈದು ವರ್ಷ ಮನೆ, ಮಕ್ಕಳು, ಹಾಸಿಗೆ ಹಿಡಿದ ಅತ್ತೆ ಮಾವನನ್ನು ನೋಡಿಕೊಂಡು ವಯಸ್ಸು ಮೀರಿದವಳಿಗೂ ಅದೇ ಸಡಿಲಿಕೆ ಯಾಕಿರಬಾರದು? ಅವಳ ವರ್ಷಗಳೂ ದುಡಿಮೆಯಲ್ಲೇ ಹೋದವು.

ಚಿಕ್ಕಮ್ಮನ ಪಕ್ಕದ ಬೀದಿಯಲ್ಲಿ ಅಂಥವರೊಬ್ಬರಿದ್ದಾರೆ. 43 ವರ್ಷ, ಪಿಯುಸಿ ಓದಿದ್ದಾರೆ. ಗಂಡ ಊರು ಬಿಟ್ಟು ಹೋಗಿ ಆರು ವರ್ಷ. ಸತ್ತ ಸುದ್ದಿ ಇಲ್ಲ, ವಿಚ್ಛೇದನದ ಕಾಗದವಿಲ್ಲ. ಪಂಚಾಯಿತಿಯ ಒಂದು ಸಣ್ಣ ಕೆಲಸಕ್ಕೆ ಅರ್ಜಿ ಹಾಕಲು ಹೋದಾಗ ಯಾವ ಕಾಲಂಗೂ ಅವರು ಸೇರಲಿಲ್ಲ. ಈಗ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಚಿಕ್ಕಮ್ಮನ ಮನೆಗೆ ಬಂದು ಕಣಕ ನಾದುತ್ತಾರೆ, ಹೂರಣ ತೂಗಿ ಉಂಡೆ ಕಟ್ಟುತ್ತಾರೆ. ಮಧ್ಯಾಹ್ನ ಒಂದು ಗಂಟೆಗೆ ಕೆಲಸ ಮುಗಿದ ಮೇಲೆ ಚಿಕ್ಕಮ್ಮ ನೋಟ್‌ಬುಕ್ ತೆಗೆದು ಎರಡು ಸಾಲು ಬರೆಯುತ್ತಾರೆ. ಮೊದಲ ಸಾಲು ಅವರ ಕೂಲಿ, ಎರಡನೆಯದು ತನ್ನ ಕೂಲಿ. ದುಡ್ಡು ಅಂದಂದೇ ಕೊಟ್ಟುಬಿಡುತ್ತಾರೆ.